ಸಿಮೆಂಟಿಗೆ ಹೋದ ಬಾಯಮ್ಮ

ಎಡೆಬಿಡದೆ ಪ್ರಯತ್ನಿಸಿದರೆ ಎಂಥ ಬಾಗಿಲೂ ತೆರೆಯುತ್ತದೆ ಎಂಬ ಮಾತನ್ನು ನಾನು ಮನಸಾರೆ ನಂಬುತ್ತೇನೆ, ಪ್ರಯತ್ನಿಸುವವರು ಬೇರೆಯವರಾಗಿದ್ದರೆ. ಮೈಸೂರಿನಲ್ಲಿ ಓದುವಾಗ ಪಿಟೀಲು ಕಲಿಯಲು ಹೊರಟೆ, ಬೆಳಗಿನ ವ್ಯಾಯಾಮವನ್ನೂ ಶುರುಮಾಡಿದೆ; ಕೊನೆಗೆ ಉಳಿದದ್ದು ಡೈರಿ ಬರೆಯುವ ಚಟವೊಂದೇ. ಅದರಲ್ಲೂ ಮುಖ್ಯವಾದ ದಿನಗಳ ಪುಟದಲ್ಲಿ ‘ಮಳೆ’ ಎಂದಷ್ಟೇ ಇರುತ್ತದೆ. ಆದ್ದರಿಂದ ಈಗ ಹೇಳುವುದರಲ್ಲಿ ನಡೆದದ್ದೆಷ್ಟು, ಹೇಳಿ ಹೇಳಿ ಬೆಳೆದದ್ದೆಷ್ಟು ಎಂದು ನನ್ನನ್ನು ಕೇಳಬೇಡಿ.

ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಅರವತ್ತರ ದಶಕದ ಮಾತು. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿದ್ದ ನಮ್ಮ ಪುಟ್ಟ ಇಗರ್ಜಿಗೆ, ಎಂದರೆ ಚರ್ಚಿಗೆ, ಸಗಣಿ ಸಾರಿಸಿದ ಮಣ್ಣಿನ ನೆಲ. ಮಳೆಗಾಲದಲ್ಲಿ ಅದು ಒಳಗಿನಿಂದಲೇ ಜಿನುಗುತ್ತಿತ್ತು. ಪೂಜೆ ಮುಗಿಸಿ ಹೊರಬಂದ ಗಂಡಸರ ಬಿಳಿ ಪಂಚೆಯ ಮೇಲೆ ಮಂಡಿಗೊಂದರಂತೆ ಹಸಿರು ಚಂದ್ರ. ಯಾರು ಮೊಣಕಾಲೂರಿದರು, ಯಾರು ಹಿಂದೆ ಗೋಡೆಗೊರಗಿ ನಿಂತಿದ್ದರು ಎಂಬುದು ಎದುರಿನ ಹೋಟೆಲಿನ ಭಟ್ಟರಿಗೂ ತಿಳಿಯುತ್ತಿತ್ತು. “ಮೇಷ್ಟ್ರೇ, ಇವತ್ತೂ ಒಣಗೇ ಇದ್ದೀರಲ್ಲ!” ಎಂದು ಅವರು ಕೇಳಿದಾಗಲೆಲ್ಲ ನಾನು ಆಕಾಶ ನೋಡುತ್ತಿದ್ದೆ.

ಆ ವರ್ಷ, ಊರೆಲ್ಲ ಬಾಯಮ್ಮ ಎಂದು ಕರೆಯುವ ಕ್ರಿಸ್ತಿನ್ ಬಾಯಿ ಆ ನೆಲದಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. ಮುಂದಿನ ಮಳೆಗಾಲದೊಳಗೆ ಸಿಮೆಂಟು ಹಾಕಿಸಲೇಬೇಕು ಎಂದು ಪಾದ್ರಿಗಳು ಹಟ ಹಿಡಿದರು. ಇಗರ್ಜಿಯ ಕಾರ್ಯದರ್ಶಿಯಾದ ನಾನು ಪರ್ಮಿಟ್ಟಿಗಾಗಿ ತಾಲ್ಲೂಕು ಕಚೇರಿಗೆ ಒಳ್ಳೆಯ ಇಂಗ್ಲಿಷಿನಲ್ಲಿ ಅರ್ಜಿ ಕೊಟ್ಟು ಬಂದೆ. ಅದು ಕಚೇರಿಯ ಯಾವ ಕಟ್ಟಿನಡಿ ಮಲಗಿತೋ, ಏಳಲಿಲ್ಲ. ಆಗ ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಬೈಬಲಿನ ಆ ವಿಧವೆಯ ಕಥೆ ಹೇಳಿದರು: ನ್ಯಾಯಾಧೀಶನ ಬಳಿಗೆ ಬಿಡದೆ ಹೋಗಿ ಹೋಗಿ, ಅವನಿಗೆ ಸಾಕುಸಾಕಾಗಿ ನ್ಯಾಯ ಕೊಡುವಂತೆ ಮಾಡಿದವಳು. ಕೇಳುತ್ತಿದ್ದ ನನ್ನ ಪದವೀಧರ ತಲೆಗೆ ಬೆಳಕು ಹೊಳೆಯಿತು. ನಮ್ಮಲ್ಲೂ ಒಬ್ಬ ವಿಧವೆ ಇದ್ದಾರಲ್ಲ!

“ನಾನು ಎಂತ ಮಾಡ್ಬೇಕು?” ಎಂದರು ಕ್ರಿಸ್ತಿನ್ ಬಾಯಿ.

“ಏನಿಲ್ಲ ಬಾಯಮ್ಮ. ಹೋಗೋದು, ಕೂರೋದು, ಬರೋದು. ಪರ್ಮಿಟ್ ಕೊಡೋ ಸಾಹೇಬ್ರಿಗೆ ಸಾಕಾಗ್ಬೇಕು, ಅಷ್ಟೇ.”

“ಅದಾ? ನಮ್ಮ ಯಜಮಾನ್ರಿಗೇ ಸಾಕು ಮಾಡಿದ್ದೆ, ಇವ್ರೆಷ್ಟರವ್ರು!”

ವಾರವಾರವೂ ಬಸ್ಸು ಹತ್ತಿ ಹೋದರು. ಆದರೆ ಬರಿಗೈಯಲ್ಲಿ ಒಬ್ಬರ ಎದುರು ಹೋಗಿ ಕೂರುವುದು ಅವರ ಜಾಯಮಾನವಲ್ಲ. ಕಾಯಿತುರಿ, ಎಳ್ಳು ತುಂಬಿದ ನೆವ್ರಿ ಕರಿದು ಒಯ್ದರು. ಸಾಹೇಬರು ಬಯಲುಸೀಮೆಯ ಒಂಟಿ ಹುಡುಗ, ಹೋಟೆಲೂಟ. ಅವರಿಗೆ ಸಾಕಾಗುವ ಲಕ್ಷಣವೇ ಕಾಣಲಿಲ್ಲ. ಬಾಯಮ್ಮನಿಗೆಂದು ಕುರ್ಚಿಯೊಂದನ್ನು ಪಕ್ಕದಲ್ಲೇ ಹಾಕಿಸಿದರಂತೆ.

“ಇವತ್ತು ಏನಂದ್ರು ಬಾಯಮ್ಮ?”

“ಪಾಪ, ಶೀತ ಆಗಿದೆ. ಕಷಾಯ ಮಾಡ್ಕೊಟ್ಟೆ.”

“ಸಿಮೆಂಟು?”

“ಅಯ್ಯ, ಕೆಮ್ಮೋ ಮಗನ ಹತ್ರ ಸಿಮೆಂಟಿನ ಮಾತಾಡ್ತಾರಾ?”

ಬೈಬಲಿನ ವಿಧವೆ ನೆವ್ರಿ ಒಯ್ದಿರಲಿಲ್ಲ ಎಂದು ಪಾದ್ರಿಗಳು ನಿಟ್ಟುಸಿರುಬಿಟ್ಟರು. ಬೇಸಿಗೆ ಬಂತು. ಬಾಯಮ್ಮ ಮಗಳ ಬಾಣಂತನಕ್ಕೆಂದು ತೀರ್ಥಹಳ್ಳಿಗೆ ಹೋಗಿಬಿಟ್ಟರು. ಇನ್ನೊಂದು ವರ್ಷ ಕೆಸರೇ ಗತಿ ಎಂದುಕೊಂಡೆವು.

ಒಂದು ಭಾನುವಾರ ಇಗರ್ಜಿಯ ಮುಂದೆ ಸಾಹೇಬರೇ ಬಸ್ಸಿಳಿದರು. “ಅಮ್ಮ ಎಲ್ಲಿ? ಬರೋದೇ ನಿಲ್ಸಿದ್ರಲ್ಲ, ಹುಷಾರಾಗಿದ್ದಾರಾ?” ಮುಖದಲ್ಲಿ ನಿಜವಾದ ಗಾಬರಿ. ಬಾಣಂತನದ ಸುದ್ದಿ ಕೇಳಿ ಸಮಾಧಾನವಾದ ಮೇಲೆ ನಾನು ಮೆಲ್ಲಗೆ ಸಿಮೆಂಟಿನ ವಿಷಯ ತೆಗೆದೆ.

“ಸಿಮೆಂಟಾ? ಅಮ್ಮ ಒಂದು ದಿನವೂ ಕೇಳ್ಲಿಲ್ಲವಲ್ಲ!”

ಪಾದ್ರಿಗಳು ನನ್ನನ್ನು ನೋಡಿದರು. ಹೋಗೋದು, ಕೂರೋದು, ಬರೋದು. ಕೇಳೋದು ಎಂದು ನಾನು ಹೇಳಿಯೇ ಇರಲಿಲ್ಲ.

ಆ ವಾರವೇ ಪರ್ಮಿಟ್ ಬಂತು, ಮಳೆಗೆ ಮುಂಚೆ ನೆಲವೂ ಆಯಿತು. ಪಾದ್ರಿಗಳು ಮತ್ತೆ ಅದೇ ವಿಧವೆಯ ಕಥೆ ಹೇಳಿದರು, ಈ ಸಲ ಸ್ವಲ್ಪ ಬೇಗ ಮುಗಿಸಿದರು. ತೀರ್ಥಹಳ್ಳಿಯಿಂದ ಮರಳಿದ ಬಾಯಮ್ಮ ಹೊಸ ನೆಲದ ಮೇಲೆ ಮೊಣಕಾಲೂರಿ, ಮಂಡಿ ಉಜ್ಜುತ್ತ ಎದ್ದರು. “ಕಲ್ಲು ಮಾರಾಯ್ರೆ! ಮಣ್ಣೇ ಮೆತ್ತಗಿತ್ತು. ಚಾಪೆ ತರ್ಸಿ ಮೇಷ್ಟ್ರೇ. ಈ ಸಲ ನೀವೇ ಹೋಗಿ, ನಂಗೆ ಬುಧವಾರ ಸಾಹೇಬ್ರಿಗೆ ನೆವ್ರಿ ಒಯ್ಯೋದುಂಟು.”

ಚಾಪೆ ಬರಲೇ ಇಲ್ಲ. ಆದರೂ ನನಗೊಂದು ನೆಮ್ಮದಿಯಿತ್ತು: ಇನ್ನು ಎಲ್ಲರ ಪಂಚೆಯೂ ಒಣಗೇ ಇರುತ್ತದೆ, ಭಟ್ಟರಿಗೆ ಗುರುತು ಸಿಗುವುದಿಲ್ಲ. ಮುಂದಿನ ಭಾನುವಾರ ಊರಿಗೆ ಊರೇ ಕುಂಟುತ್ತ ಇಗರ್ಜಿಯಿಂದ ಹೊರಬಂತು. ಭಟ್ಟರು ಲೋಟ ಒರೆಸುತ್ತ ನನ್ನನ್ನೇ ನೋಡಿದರು.

“ಮೇಷ್ಟ್ರೇ, ನಡಿಗೆ ನೆಟ್ಟಗಿದೆಯಲ್ಲ!”