ಹವಲ್ದಾರನ ಕಂದಕ, ಬಂಡೇಪಾಳ್ಯದ ನಲ್ಲಿ

ತಮಿಳುನಾಡಿಗೆ ಸೇರಿದ ತಳಿ ಸೀಮೆಯ ಬಂಡೇಪಾಳ್ಯಕ್ಕೆ ೧೯೭೮ರಲ್ಲಿ ನಲ್ಲಿ ನೀರು ಬಂದದ್ದು ಮಾಜಿ ಹವಲ್ದಾರ್ ಶ್ಯಾಮಣ್ಣನ ಕಾಯಿಲೆಯಿಂದ. ಈ ವಿಷಯದಲ್ಲಿ ಊರಿಗಾಗಲಿ ನೀರಿನ ಆಫೀಸಿಗಾಗಲಿ ಭಿನ್ನಾಭಿಪ್ರಾಯವಿಲ್ಲ. ಅವನ ಹೆಂಡತಿ ಮುನಿಗಂಗಮ್ಮನಿಗೆ ಮೊದಮೊದಲು ಇತ್ತು. ಆಕೆ ಸರ್ಕಾರದ ವ್ಯವಹಾರ ಅರಿತವಳಲ್ಲ.

ಕಾಯಿಲೆ ಬಹಳ ಶಿಸ್ತಿನದು. ಊರ ಪಕ್ಕದ ಕಲ್ಲುಗಣಿಯಲ್ಲಿ ದಿನಾ ಮಧ್ಯಾಹ್ನ ಸೈರನ್ ಕೂಗಿಸಿ, ಸ್ವಲ್ಪ ಹೊತ್ತಿಗೆ ಬಂಡೆ ಸಿಡಿಸುತ್ತಿದ್ದರು. ಯುದ್ಧ ಕಂಡು ಪಿಂಚಣಿ ಹಿಡಿದು ಬಂದಿದ್ದ ಶ್ಯಾಮಣ್ಣ, ಆ ಸದ್ದು ಕಿವಿಗೆ ಬೀಳದಿರಲೆಂದು ಸೈರನ್ನಿಗೇ ರಮ್ಮು ಕುಡಿಯುತ್ತಿದ್ದ. ಆದರೂ ಬೀಳುತ್ತಿತ್ತು. ಬಿದ್ದೊಡನೆ ಪಿಕಾಸಿ ಹಿಡಿದು ಹಿತ್ತಿಲಿನಿಂದ ಎದೆಮಟ್ಟದ ಕಂದಕ ತೋಡಲು ಹೊರಡುವನು. ಊರಿನ ಒಂದು ಜೀವವೂ ಮೇಲೆ ಉಳಿಯಬಾರದೆಂದು ಮನೆಮನೆಯ ಬಾಗಿಲಿಗೂ ತೋಡುವನು. ಸುಸ್ತಾದಲ್ಲಿ ಮಲಗುವನು.

ಮುನಿಗಂಗಮ್ಮನಿಗೆ ಬೇಕಿದ್ದದ್ದು ಒಂದೇ: ಗಂಡ ಮನೆಯೊಳಗೆ ಮಲಗಬೇಕು. ಮದುವೆಯಾದಂದಿನಿಂದ ಅವನು ಗಡಿಯಲ್ಲಿ ಮಲಗಿದ್ದ. ಈಗ ಹಿತ್ತಿಲಿನವರೆಗೆ ಬಂದಿದ್ದ. ಇದು ಪ್ರಗತಿಯೇ ಎಂದು ನೆರೆಯ ಮಂಗಮ್ಮ ಸಮಾಧಾನ ಹೇಳಿದ್ದುಂಟು.

ಹೊಸೂರಿನ ಡಾಕ್ಟರು, ಆ ಸದ್ದಿಲ್ಲದ ಕಡೆ ಕೆಲವು ತಿಂಗಳು ಇಟ್ಟು ಕುಡಿತ ಬಿಡಿಸಿದರೆ ಗುಣವಾದೀತು ಎಂದರು. ಮುನಿಗಂಗಮ್ಮನ ಅಕ್ಕ ಗಣಿಯಿಲ್ಲದ ಮತ್ತಿಗಿರಿಯಲ್ಲಿದ್ದಳು. ಟ್ರಂಕು ಕಟ್ಟಿದ್ದೂ ಆಯಿತು. ಆ ಬೆಳಿಗ್ಗೆಯೇ ನೀರಿನ ಆಫೀಸಿನ ಓವರ್‌ಸೀರ್ ಸುಬ್ಬರಾಮ ಜೀಪಿನಿಂದಿಳಿದ. ಪಿಕಾಸಿಗೆ ಬಗ್ಗದ ಗರಸುಮಣ್ಣಿಗೆ ಹೆದರಿ ಅವನ ಕೂಲಿಯವರೆಲ್ಲ ಓಡಿಹೋಗಿದ್ದರು. ನಲ್ಲಿಗೆಂದು ತಂದ ಪೈಪುಗಳು ಚಾವಡಿಯ ಮುಂದೆ ಮಲಗಿದ್ದವು. ಅವನು ಕಂದಕವನ್ನು ಕಂಡ. ಅದು ಒಂದೊಂದೇ ಬಾಗಿಲಿಗೆ ಹೋಗುತ್ತಿತ್ತು.

"ಅವರ್ಗೆ ಮೈ ಸರಿ ಇಲ್ಲ ಸಾಮಿ, ಡಾಕ್ಟ್ರು ಹೇಳವ್ರೆ," ಎಂದಳು ಮುನಿಗಂಗಮ್ಮ.

"ಮೈ ಸರಿ ಇಲ್ದೋರು ಇಂಥಾ ಕಾಲುವೆ ತೋಡ್ತಾರೇನಮ್ಮ? ಮೈ ಸರಿ ಇರೋ ನಮ್ಮ ಕೂಲಿಯೋರ್ನ ನೋಡಿದೀಯಾ?"

"ಕುಡ್ದು ತೋಡ್ತಾರೆ ಸಾಮಿ."

"ಗಾರೆ ಕೆಲಸದೋನಿಗೆ ಕರಣೆ ಇದ್ದಂಗೆ ಅದು."

ವಾರದೊಳಗೆ ಆದೇಶ ತಮಿಳಿನಲ್ಲಿ ಬಂತು. ಸುಬ್ಬರಾಮ ಅದನ್ನು ಚಾವಡಿಯಲ್ಲಿ ಕನ್ನಡದಲ್ಲಿ ಓದಿ, ತೆಲುಗಿನವರಿಗೆ ತೆಲುಗಿನಲ್ಲೂ ಬಿಡಿಸಿ ಹೇಳಿದ: "ಸದರಿ ಮಾಜಿ ಸೈನಿಕರು ಗುಣಮುಖರಾಗುವುದನ್ನು ಕಾಮಗಾರಿ ಪೂರ್ಣಗೊಳ್ಳುವವರೆಗೆ ಮುಂದೂಡಲಾಗಿದೆ. ಈ ಅವಧಿಯಲ್ಲಿ ಅವರಿಗೆ ಧೈರ್ಯ ಹೇಳುವುದು, ಮಜ್ಜಿಗೆ ಕುಡಿಸುವುದು, ಮತ್ತಿಗಿರಿಗೆ ಕರೆದೊಯ್ಯುವುದು ಸಾರ್ವಜನಿಕ ಆಸ್ತಿಗೆ ಮಾಡಿದ ಹಾನಿಯೆಂದು ಪರಿಗಣಿಸಲಾಗುವುದು."

ಆಗ ಪಾನನಿಷೇಧದ ಕಾಲ; ಅದುವರೆಗೆ ರಮ್ಮು ಕದ್ದುಮುಚ್ಚಿ ಬರುತ್ತಿತ್ತು. ಕಾಯಿಲೆಯವರಿಗೆ ಮಾತ್ರ ಕುಡಿಯಲು ಪರ್ಮಿಟ್ಟು. ಕೆಲಸಗಾರರ ಪಟ್ಟಿಯಲ್ಲಿ ಶ್ಯಾಮಣ್ಣನಿಗೆ ಕಾಯಿಲೆಯಿಲ್ಲವೆಂದು ಬರೆದಿದ್ದ ಆಫೀಸೇ, ಪರ್ಮಿಟ್ಟಿನ ಮಟ್ಟಿಗೆ ಕಾಯಿಲೆಯಿದೆಯೆಂದು ಬರೆಯಿತು. ಎರಡೂ ಬೇರೆ ಬೇರೆ ಸೆಕ್ಷನ್ನು. ಕಾಮಗಾರಿ ಮಾರ್ಚಿಗೆ ಮುಗಿಯಬೇಕಾದ್ದರಿಂದ ಗಣಿಯವರಿಗೆ ಬೆಳಿಗ್ಗೆಯೂ ಒಮ್ಮೆ ಸಿಡಿಸಲು ಕೋರಲಾಯಿತು. ಅವರು ಊರಿನ ಹಿತಕ್ಕಾಗಿ ಒಪ್ಪಿದರು.

ಊರೂ ಹಿಂದೆ ಬೀಳಲಿಲ್ಲ. ಕಂದಕ ತನ್ನ ಬಚ್ಚಲ ಹತ್ತಿರ ತಿರುಗಲೆಂದು ಮಂಗಮ್ಮ ರಮ್ಮಿನ ಜೊತೆಗೆ ಹುರುಳಿ ಗುಗ್ಗರಿ ಇಟ್ಟಳು. ಎದುರುಮನೆಯ ಪಿಳ್ಳಮ್ಮ ಕೋಳಿ ಕೊಯ್ದಳು. ಕಂದಕ ಪಿಳ್ಳಮ್ಮನ ಕಡೆಗೆ ತಿರುಗಿತು. ಗುಂಡು ನೇರವಾಗಿ ಬರುತ್ತದೆ, ಆದ್ದರಿಂದ ಕಂದಕ ನೇರವಾಗಿರಕೂಡದೆಂಬುದು ಶ್ಯಾಮಣ್ಣ ಪಲ್ಟನ್ನಿನಲ್ಲಿ ಕಲಿತ ಪಾಠ. ಹೀಗಾಗಿ ಇಲಾಖೆಯ ನಕ್ಷೆಯನ್ನೇ ಹಾವಿನಂತೆ ತಿದ್ದಿ ಬರೆಯಲಾಯಿತು. ಶತ್ರುವಿನ ಗುಂಡು ತಾಗದ ಕುಡಿಯುವ ನೀರಿನ ಪೈಪು ಜಿಲ್ಲೆಯಲ್ಲಿ ಇದೊಂದೇ ಎಂದು ಸುಬ್ಬರಾಮ ಮೇಲಿನವರಿಗೆ ವರದಿ ಕಳಿಸಿದ.

ಗಂಡ ಈಗ ದಿನಕ್ಕೆ ಎರಡು ಸಲ ಕುಡಿದು ಎರಡು ಸಲ ತೋಡುತ್ತಿದ್ದ. ಮುನಿಗಂಗಮ್ಮ ಮುದ್ದೆಯನ್ನು ಕಂದಕದ ಅಂಚಿಗೇ ಒಯ್ದು ಕೊಟ್ಟು, ಟ್ರಂಕು ಬಿಚ್ಚದೆ ಮಾರ್ಚಿಗಾಗಿ ಕಾದಳು.

ಉದ್ಘಾಟನೆ ನಡೆಯಿತು. ಶ್ಯಾಮಣ್ಣನಿಗೆ ಹಾರ ಹಾಕಿ ವೇದಿಕೆಯ ಮೇಲೆ ಕೂರಿಸಿದರು. ನಲ್ಲಿ ತಿರುಗಿಸಿದ ಕೂಡಲೇ ಗಣಿಯವರು ಗೌರವಾರ್ಥವಾಗಿ ದೊಡ್ಡದೊಂದು ಬಂಡೆ ಸಿಡಿಸಿದರು. ಹಾರ ಕೊರಳಲ್ಲಿದ್ದಂತೆಯೇ ಶ್ಯಾಮಣ್ಣ ಕೆಳಗೆ ಹಾರಿ, ವೇದಿಕೆಯ ಹಿಂದಿನಿಂದ ಹೊಸ ಕಂದಕ ಶುರುಮಾಡಿದ. ಹೆಂಡತಿ ಓಡಿ ಬಂದದ್ದು ಕಂಡು, "ಗಂಗಿ, ತಲೆ ತಗ್ಸೇ," ಎಂದ. ಆ ಮಾತಿನಲ್ಲಿ ಅಷ್ಟು ಪ್ರೀತಿಯಿತ್ತು. ಅವಳು ಅಲ್ಲೇ ಕೂತಳು.

ಸುಬ್ಬರಾಮ ಬಗ್ಗಿ ನೋಡಿ ಬಹಳ ಸಂತೋಷಪಟ್ಟ. ನೀರು ಬಂದ ಮೇಲೆ ಚರಂಡಿ ಬೇಕೇ ಬೇಕು.

"ಸಾಮಿ, ಇವರ್ಗೆ ಯಾವಾಗ ವಾಸಿ ಆಗೋದು?"

"ಚರಂಡಿ ಆಗ್ಲಮ್ಮ, ಆಮೇಲೆ ನೋಡೋಣ. ಅಂಚೆಟ್ಟಿ ಆಚೆ ಊರೋರೂ ಇವರ್ನ ಕೇಳವ್ರೆ. ಪಾಪ, ಅಲ್ಲಿ ಕಲ್ಲುಗಣಿ ಇಲ್ಲ. ಸದ್ದಿಗೇ ಬೇರೆ ಟೆಂಡರ್ ಕರೀಬೇಕು."

ಮುನಿಗಂಗಮ್ಮ ಮನೆಗೆ ಹೋಗಿ ಟ್ರಂಕು ಬಿಚ್ಚಿದಳು. ಚಾಪೆ, ಕಂಬಳಿ, ದೀಪದ ಬುಡ್ಡಿ ತಂದು ಕಂದಕಕ್ಕಿಳಿದಳು. ಗಂಡ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಸರ್ಕಾರದ ಕಾಮಗಾರಿಯಲ್ಲಿ ಸಂಸಾರ ಹೂಡಿದ್ದು ಆಕ್ಷೇಪಾರ್ಹವಾದರೂ, ಇಲಾಖೆ ಉದಾರವಾಗಿ ಅದನ್ನು ವಸತಿಗೃಹವೆಂದು ಘೋಷಿಸಿತು. ಮನೆ ಕಂದಾಯ ವಿಧಿಸಿತು. ಪಿಳ್ಳಮ್ಮ ಗೃಹಪ್ರವೇಶಕ್ಕೆ ಕೋಳಿ ಕೊಯ್ದಳು.

ಮುಂದಿನ ತಿಂಗಳು ಮತ್ತಿಗಿರಿಯ ಅಕ್ಕ ನೋಡಲು ಬಂದಳು. ಕಂದಕದ ಅಂಚಿನಲ್ಲಿ ನಿಂತು, ಇದೇನು ಸಂಸಾರವೇ ಎಂದು ಬಾಯಿ ತೆರೆದಳು.

"ಮೇಲೆ ನಿಂತ್ಕೋಬ್ಯಾಡ ಕಣಕ್ಕ," ಎಂದಳು ಮುನಿಗಂಗಮ್ಮ, ಸೊಪ್ಪು ಬಿಡಿಸುತ್ತಾ. "ಸೈರನ್ ಆಗೈತೆ. ಇಳಿ."

ಅಕ್ಕ ಚಪ್ಪಲಿ ಮೇಲೆ ಬಿಟ್ಟು ಇಳಿದಳು.