ಜೀವಂತ ರೋಗಿಗಳ ಅನುಭವವಿಲ್ಲದವಳ ಅರ್ಜಿ

ವೈದ್ಯಕೀಯ ಕಾಲೇಜಿನ ಪ್ರವೇಶ ಸಮಿತಿಯ ಘನ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ನೆಬ್ರಾಸ್ಕಾದ ಪಶ್ಚಿಮ ಮೂಲೆಯಲ್ಲಿ, ಶವಗಳಿಗೆ ಕೆಡದಂತೆ ದ್ರಾವಣ ಏರಿಸಿ, ತಲೆ ಬಾಚಿ, ಟೈ ಕಟ್ಟಿ ಅಂತ್ಯಕ್ರಿಯೆಗೆ ಸಿದ್ಧಗೊಳಿಸುವ ನಲವತ್ತನಾಲ್ಕರ ಟ್ವೈಲಾ ಹ್ರುಷ್ಕಾ ಮಾಡುವ ವಂದನೆಗಳನ್ನು ಸ್ವೀಕರಿಸಬೇಕು. ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ. ನನ್ನ ವೃತ್ತಿಯವರು ಹೀಗೆ ವಿಚಾರಿಸಿದರೆ ಜನ ಹಿಂದೆ ಸರಿಯುತ್ತಾರೆ, ತಾವು ಹಾಗೆ ಮಾಡಬಾರದು.

ನಮ್ಮ ಜಿಲ್ಲೆಗಿದ್ದ ಒಬ್ಬರೇ ಡಾಕ್ಟರು ನಿವೃತ್ತರಾಗಿ ಅರಿಜೋನಾ ಸೇರಿದ ಮೇಲೆ, ನಾನೇ ಡಾಕ್ಟರಾಗಬೇಕೆಂದು ಹೊರಟು, ಯಾವ ಕಾಲೇಜಿಗೆ ಅರ್ಜಿ ಹಾಕುವುದೆಂದು ಚಳಿಗಾಲವಿಡೀ ಸೋಸಿದೆ. ಒಂದಕ್ಕೆ, ಕಲಿತು ಹತ್ತು ವರ್ಷ ದಾಟಿದ ರಸಾಯನಶಾಸ್ತ್ರ ನಡೆಯದಂತೆ. ಶವ ಕೆಡದಂತಿಡುವ ಫಾರ್ಮಾಲಿನ್‌ನಲ್ಲಿ ದಿನವೂ ಕೈಯಾಡಿಸುವ ನನಗೆ ಆ ಶಾಸ್ತ್ರ ಹಾಲಿನಂತೆ ಒಡೆಯುವ ವಿದ್ಯೆಯೆಂದು ತಿಳಿದಿರಲಿಲ್ಲ. ಇನ್ನೊಂದು, ನನಗೆ ಪಾಠ ಹೇಳಿದ ಪ್ರಾಧ್ಯಾಪಕರಿಂದಲೇ ಶಿಫಾರಸು ತರಬೇಕೆಂದಿತು. ಆ ಮಹನೀಯರಿಗೆ ಕೊನೆಯ ಕ್ಷೌರ ಮಾಡಿದವಳು ನಾನೇ. ನನ್ನ ಗಂಡ ಲೈಲ್, "ಗಂಡು ಹುಡುಕುವಾಗ ಇಷ್ಟು ಸೋಸಿರಲಿಲ್ವಲ್ಲೇ ನೀನು" ಎಂದ. "ಅದಕ್ಕೇ ಈಗ ಸೋಸ್ತಿರೋದು" ಎಂದೆ. ಕೊನೆಗೆ ಉಳಿದದ್ದು ತಮ್ಮ ಕಾಲೇಜು, ಏಕೆಂದರೆ ಹಳ್ಳಿಗಾಡಿಗೆ ಡಾಕ್ಟರರನ್ನು ಕಳಿಸುತ್ತೇವೆಂದು ಹೇಳಿಕೊಳ್ಳುವ ಕಾಲೇಜು ಈ ಸುತ್ತಮುತ್ತ ಅದೊಂದೇ.

ಆದರೆ ತಮ್ಮ ಕಚೇರಿಯ ಯುವತಿ ಫೋನಿನಲ್ಲಿ ಬಹಳ ನಯವಾಗಿ, "ನೀವು ಅಸಾಂಪ್ರದಾಯಿಕ ಅಭ್ಯರ್ಥಿ ಮೇಡಂ, ನಿಮಗೆ ಹೊಂದೋ ಬೇರೆ ಕಾಲೇಜು ನೋಡ್ಕೊಳ್ಳಿ" ಎಂದಳು. ಒಬ್ಬನೇ ಗಂಡ, ಭಾನುವಾರ ತಪ್ಪದ ಚರ್ಚು, ಯಾರ ಮನೆಯಲ್ಲಿ ಸಾವಾದರೂ ಚೀಸ್ ಸುರಿದ ಆಲೂಗಡ್ಡೆ ಬೇಯಿಸಿ ಒಯ್ಯುವ ವಾಡಿಕೆ, ಇಷ್ಟಿರುವ ನನಗಿಂತ ಸಂಪ್ರದಾಯಸ್ಥಳು ಈ ಜಿಲ್ಲೆಯಲ್ಲಿದ್ದರೆ ತೋರಿಸಬೇಕು. ನನಗೆ ರೋಗಿಗಳ ಅನುಭವವಿಲ್ಲವೆಂದೂ ಆಕೆ ಸೇರಿಸಿದಳು. ನಿಜ, ನನ್ನ ರೋಗಿಗಳು ಯಾರೂ ಜೀವಂತರಲ್ಲ. ಆದರೆ ಕಾಯಿಸಿದಳೆಂದು ಒಬ್ಬರೂ ದೂರಿಲ್ಲ, ನನ್ನ ಕೈಗೆ ಬಂದ ಮೇಲೆ ಒಬ್ಬರ ಸ್ಥಿತಿಯೂ ಹದಗೆಟ್ಟಿಲ್ಲ. ತಮ್ಮಲ್ಲಿ ತೇರ್ಗಡೆಯಾದ ಎಷ್ಟು ಮಂದಿ ಹೀಗೆ ಎದೆ ತಟ್ಟಿ ಹೇಳಿಯಾರು?

ಅಸಾಂಪ್ರದಾಯಿಕ ಎಂದರೆ ತಮ್ಮ ಕಚೇರಿಯ ಭಾಷೆಯಲ್ಲಿ ವಯಸ್ಸು ಮೀರಿದವಳು ಎಂದರ್ಥವೆಂದು ಆಮೇಲೆ ತಿಳಿಯಿತು. ಆದ್ದರಿಂದ ತಾವು ದಯಮಾಡಿ ನನ್ನ ಹುಟ್ಟಿದ ದಿನವನ್ನು ಸಮಿತಿಯ ಠರಾವಿನ ಮೂಲಕ ಇಪ್ಪತ್ತು ವರ್ಷ ಮುಂದೂಡಬೇಕು. ಅದು ನಿಯಮಕ್ಕೆ ಒಗ್ಗದಿದ್ದರೆ, ತಮಗೆ ಒಪ್ಪುವ ವಯಸ್ಸಿನ ಡಾಕ್ಟರು ಬರುವವರೆಗೆ ನಮ್ಮ ಜಿಲ್ಲೆಯವರು ಯಾರೂ ಕಾಯಿಲೆ ಬೀಳಬಾರದೆಂದು ಸುತ್ತೋಲೆಯನ್ನಾದರೂ ಹೊರಡಿಸಬೇಕು.

ಆರ್ಡಿಸ್‌ಗೆ ಅಂಥ ಸುತ್ತೋಲೆ ತಲುಪಿರಲಿಲ್ಲ. ಚರ್ಚಿನಲ್ಲಿ ಹಾಡುವಾಗ ನನ್ನ ಪಕ್ಕ ನಿಲ್ಲುತ್ತಿದ್ದ ಗೆಳತಿ ಅವಳು. ಸಕ್ಕರೆ ಕಾಯಿಲೆಯವಳು, ಕಾಲಲ್ಲಿ ಹುಣ್ಣು. "ಡಾಕ್ಟರ್ ಹತ್ರ ಅಷ್ಟು ದೂರ ಯಾರ್ ಹೋಗ್ತಾರೆ ಬಿಡೇ, ಸುಗ್ಗಿ ಮುಗೀಲಿ" ಎನ್ನುತ್ತ ಅದನ್ನು ಉದ್ದನೆಯ ಲಂಗದಡಿ ಮುಚ್ಚಿಟ್ಟಳು. ನಾನು ಆ ಹುಣ್ಣನ್ನು ಮೊದಲ ಸಲ ನೋಡಿದ್ದು ನನ್ನ ಕೆಲಸದ ಮೇಜಿನ ಮೇಲೆ. ತೊಳೆದು ಪಟ್ಟಿ ಕಟ್ಟಿದೆ. ಇನ್ನು ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಕಟ್ಟಿದೆ ಸ್ವಾಮಿ, ಅಲ್ಲೇ ಕೂತು ಅತ್ತೆ. ಇನ್ನು ಮುಂದೆ ಒಬ್ಬರಾದರೂ ಮೈ ಬೆಚ್ಚಗಿರುವಾಗಲೇ ನನ್ನ ಕೈಗೆ ಸಿಗಬೇಕು. ಅರ್ಜಿಯನ್ನು ತಮ್ಮ ಕಾಲೇಜೊಂದಕ್ಕೇ ಹಾಕಿದ್ದೇನೆ. ಬೇರೆ ಕಡೆ ನೋಡಿಕೊಳ್ಳುವುದಿಲ್ಲ.

ಎಷ್ಟು ಕಾಯಿಸಿದರೂ ಕದಲದ, ತಮ್ಮ ವಿಶ್ವಾಸಿ,
ಟ್ವೈಲಾ ಹ್ರುಷ್ಕಾ

ಮರೆತ ಮಾತು: ತಮ್ಮ ಕೈಪಿಡಿಯಲ್ಲಿ "ಎಲ್ಲ ವಯಸ್ಸಿನವರಿಗೂ ಸ್ವಾಗತ" ಎಂಬ ಸಾಲಿನ ಕೆಳಗಿನ ಫೋಟೋದಲ್ಲಿ ಬಿಳಿ ಕೋಟು ತೊಟ್ಟು ನಗುತ್ತಿರುವ ನರೆಗೂದಲ ವಿದ್ಯಾರ್ಥಿ, ನಮಗೆ ಶವಪೆಟ್ಟಿಗೆ ಮಾರುವವರ ಜಾಹೀರಾತು ಪುಸ್ತಕದಲ್ಲೂ ಓಕ್ ಮರದ ಪೆಟ್ಟಿಗೆಗೆ ಒರಗಿ ಅದೇ ನಗು ನಗುತ್ತಿದ್ದಾರೆ. ಅವರಿಗೆ ಸೀಟು ಕೊಟ್ಟಿದ್ದೀರೋ, ಬರೀ ನಗುವನ್ನು ಬಾಡಿಗೆಗೆ ತಂದಿದ್ದೀರೋ ತಿಳಿಸಬೇಕು; ಸೀಟು ಇನ್ನೂ ಖಾಲಿಯಿದ್ದರೆ ನಾನು ಬಿಟ್ಟಿಯಾಗಿಯೇ ನಗಬಲ್ಲೆ.