ಕೈ ಏಳದ ಗಣ್ಯರು

ಸ್ನಾತಕೋತ್ತರ ಪದವಿಯನ್ನು ತನ್ನಷ್ಟು ಗೌರವಿಸುವ ಆಸ್ಪತ್ರೆ ಬೇರೊಂದಿಲ್ಲ ಎಂಬುದನ್ನು ಆ ಆಸ್ಪತ್ರೆಯ ಆಡಳಿತ ಮಂಡಳಿ ತಾನೇ ಸಭೆ ಸೇರಿ, ತಾನೇ ಚರ್ಚಿಸಿ, ಸರ್ವಾನುಮತದಿಂದ ದೃಢಪಡಿಸಿಕೊಂಡಿತ್ತು. ಹೀಗಾಗಿ ಅಲ್ಲಿನ ಆಕ್ಯುಪೇಷನಲ್ ಥೆರಪಿಸ್ಟ್ ರಜೆ ಹಾಕಿ, ನಿದ್ದೆಗೆಟ್ಟು ಓದಿ, ಆ ಪದವಿಯೊಂದಿಗೆ ಮರಳಿದ ದಿನವೇ ಅವಳ ಕೆಲಸವನ್ನು ಹಿಂಪಡೆದು ಗೌರವವನ್ನು ನೀಡಲಾಯಿತು.

ಪಾರ್ಶ್ವವಾಯು ಬಡಿದವರಿಗೆ, ಕೈ ಮುರಿದು ಕೂಡಿಕೊಂಡವರಿಗೆ ಅಂಗಿಯ ಗುಂಡಿ ಹಾಕುವುದು, ಲೋಟ ಎತ್ತುವುದು, ತಲೆ ಬಾಚಿಕೊಳ್ಳುವುದು ಇವನ್ನೆಲ್ಲ ಮತ್ತೆ ಕಲಿಸಿ, ಅವರವರ ಕಸುಬಿಗೆ ಅವರನ್ನು ವಾಪಸು ಕಳಿಸುವುದು ಅವಳ ಕೆಲಸವಾಗಿತ್ತು.

"ಇಷ್ಟು ಓದಿದವರು ಗುಂಡಿ ಹಾಕಿಸ್ತಾ ಕೂರೋದಾ ಮೇಡಂ? ನಮಗೇ ನಾಚಿಕೆ," ಎಂದರು ಆಡಳಿತಾಧಿಕಾರಿ, ನಿಜವಾಗಿಯೂ ನೊಂದುಕೊಂಡು.

"ಸರ್, ನಾನು ಓದಿದ್ದೇ ಅದನ್ನ."

"ಅದಕ್ಕೇ ಹೇಳಿದ್ದು. ಓದಿ ಮುಗೀತಲ್ಲ."

ಅವಳಿಗೆ ಸೋಫಾ, ಜಮಖಾನೆ, ಗಾಜಿನ ಬಾಗಿಲು ಇರುವ ಕೊಠಡಿ ಮಂಜೂರಾಯಿತು. ಬಾಗಿಲ ಫಲಕದಲ್ಲಿ ಪದವಿಗೇ ಜಾಗ ಸಾಲದೆ ಹೆಸರನ್ನು ಕೈಬಿಡಲಾಯಿತು. ಇಂಥ ವಿದ್ಯೆಗೆ ಬೆಲೆ ಕಟ್ಟುವುದು ಅದಕ್ಕೆ ಮಾಡುವ ಅವಮಾನವೆಂದು ತೀರ್ಮಾನಿಸಿ ಸಂಬಳವನ್ನು ಇದ್ದಷ್ಟೇ ಉಳಿಸಲಾಯಿತು. ಜೊತೆಗೆ ಒಂದು ಸುತ್ತೋಲೆಯೂ ಬಂತು: "ಸ್ನಾತಕೋತ್ತರ ಸಿಬ್ಬಂದಿಯು ರೋಗಿಗಳನ್ನು ಮುಟ್ಟತಕ್ಕದ್ದಲ್ಲ. ಅವರ ಕೊಠಡಿಗೆ ಗಣ್ಯರಿಗೆ ಮಾತ್ರ ಪ್ರವೇಶ. ಗಣ್ಯರಿಗೆ ಚಹಾ ನೀಡತಕ್ಕದ್ದು." ಹಳೆಯ ವಿಭಾಗಕ್ಕೆ ಬೀಗ ಬಿತ್ತು.

ಬೀಗದ ಮುಂದಿನ ಬೆಂಚಿನಲ್ಲಿ ಒಬ್ಬ ಮುದಿ ಟೈಲರ್ ಬಂದು ಕೂರುತ್ತಿದ್ದ. ಬೀದಿಯವರ ಅಂಗಿಗಳಿಗೆಲ್ಲ ಗುಂಡಿ ಹೊಲಿದವನಿಗೆ ತನ್ನ ಗುಂಡಿ ಹಾಕಿಕೊಳ್ಳಲು ಹೆಂಡತಿ ಬೇಕಾಗಿತ್ತು. ಥೆರಪಿಸ್ಟ್ ಓದಲು ಹೋಗುವ ಮುಂಚೆ ಅವನ ಬಲಗೈ ಬೆರಳುಗಳು ಚಿಟಿಕೆ ಹಿಡಿಯುವಷ್ಟು ಕೂಡತೊಡಗಿದ್ದವು. ಈಗ ಮತ್ತೆ ಮುಷ್ಟಿಯಾಗಿ ಮುದುರಿಕೊಂಡಿದ್ದವು. ಗಾಜಿನ ಆಚೆಯಿಂದ ಅವನು ಎಡಗೈ ಎತ್ತಿ ನಮಸ್ಕಾರ ಮಾಡಿದಾಗ ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಎಂದಿನಂತೆ ಕೇಳಿದರು: "ಇವತ್ತು ಯಾರ ಕೈ ಎದ್ದಿತಮ್ಮ?"

"ಯಾರದೂ ಇಲ್ಲ ಅತ್ತೆ. ಗಣ್ಯರು ಬಂದಿದ್ರು, ಟೀ ಕುಡಿದು ಹೋದ್ರು."

"ಗಣ್ಯರು ಅಂದ್ರೆ ಯಾರು?"

ಅವಳು ಸುತ್ತೋಲೆಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡಳು. "ಅದನ್ನ ಎಲ್ಲೂ ಬರೆದಿಲ್ಲ ಅತ್ತೆ."

"ಹಾಗಿದ್ರೆ ಇನ್ನೇನು ಯೋಚನೆ? ಉಣ್ಣು ಬಾ," ಎಂದರು ಅತ್ತೆ.

ಮರುದಿನ ಟೈಲರ್ ಅವಳ ಸೂಚನೆಯಂತೆ ಇಸ್ತ್ರಿ ಮಾಡಿದ ಕೋಟು ತೊಟ್ಟು, ಅದರ ಗುಂಡಿಗಳನ್ನೆಲ್ಲ ಬಿಚ್ಚಿಕೊಂಡೇ ಸೋಫಾದ ಮೇಲೆ ಆಸೀನನಾದ. ಮೊದಲ ಕಪ್ ಚಹಾ ಪೂರ್ತಿ ಜಮಖಾನೆ ಕುಡಿಯಿತು. "ಪರವಾಗಿಲ್ಲ, ಇನ್ನೊಂದು ತರಿಸ್ತೀನಿ. ಹೆಬ್ಬೆರಳು ಹೊರಗೆ ತೆಗೀರಿ," ಎಂದಳು ಅವಳು. ಹೀಗೆ ಅವನ ಭೇಟಿಗಳು ಮುಂದುವರಿದವು, ಚಹಾ ನಿಧಾನವಾಗಿ ಬಾಯಿಯ ಹತ್ತಿರ ಬಂತು.

ಒಂದು ಬೆಳಿಗ್ಗೆ ಟೈಲರ್ ಕೋಟಿನ ಗುಂಡಿಯೊಡನೆ ಸೆಣಸುತ್ತಿದ್ದಾಗ ಆಡಳಿತಾಧಿಕಾರಿ ಒಳಬಂದರು.

"ಇವರು ಟೈಲರ್ ಅಲ್ವಾ? ನನ್ನ ಪ್ಯಾಂಟ್ ಹೊಲಿದಿದ್ರು."

"ಹೌದು ಸರ್."

"ಮತ್ತೆ ಗಣ್ಯರು ಹೇಗಾದ್ರು?"

"ಈ ಕೊಠಡಿ ಒಳಗಿದ್ದಾರಲ್ಲ ಸರ್. ಗಣ್ಯರಲ್ಲದಿದ್ರೆ ಪ್ರವೇಶವೇ ಇರ್ತಿರಲಿಲ್ಲ."

ಆಡಳಿತಾಧಿಕಾರಿ ನಿಯಮವನ್ನು ಎರಡೂ ಕಡೆಯಿಂದ ತೂಗಿ ನೋಡಿದರು. ಎಲ್ಲೂ ಬಿರುಕು ಕಾಣಲಿಲ್ಲ. ಕೂಡಲೇ ಬಾಗಿ ಟೈಲರನ ಗುಂಡಿಗೆ ಕೈ ಹಾಕಲು ಹೋದರು.

"ಮುಟ್ಟಬೇಡಿ ಸರ್. ತಾವೇ ಹಾಕ್ಕೊಳ್ಳೋದು ಅವರ ಪದ್ಧತಿ."

ದೊಡ್ಡವರ ರೀತಿಯೇ ಬೇರೆ ಎಂದುಕೊಂಡು ಅವರು ಕೈ ಕಟ್ಟಿ ನಿಂತರು. ಕೊನೆಯ ಗುಂಡಿ ಜಾರಿತು, ಅಡ್ಡ ನಿಂತಿತು, ತೂತಿನ ಅಂಚನ್ನು ಸವರಿ ಕೊನೆಗೂ ಒಳಹೊಕ್ಕಿತು. ಟೈಲರ್ ತನ್ನ ಬೆರಳುಗಳನ್ನು ಬೇರೆಯವರದೋ ಎಂಬಂತೆ ನೋಡಿಕೊಂಡ. ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಸುದ್ದಿ ಹಬ್ಬಿತು. ಭುಜ ಬಿಗಿದುಕೊಂಡಿದ್ದ ಬಸ್ ಡ್ರೈವರ್ ಸಾರಿಗೆ ಕ್ಷೇತ್ರದ ಗಣ್ಯನಾಗಿ ಬಂದ. ಮಣಿಕಟ್ಟು ಮುರಿದ ಬಡಗಿ ಪೀಠೋಪಕರಣ ತಜ್ಞನಾಗಿ ಬಂದ. ಮಂಡಳಿ ಹಿಗ್ಗಿಹೋಯಿತು. "ಗಣ್ಯರ ಭೇಟಿಯಲ್ಲಿ ನಮ್ಮ ಆಸ್ಪತ್ರೆಯೇ ಮುಂದು. ಉನ್ನತ ಶಿಕ್ಷಣವನ್ನು ಬಳಸಿ ಸವೆಸದೆ ಜೋಪಾನ ಮಾಡಿದ್ದರ ಫಲವಿದು," ಎಂಬ ಪ್ರಕಟಣೆ ಹೊರಬಿತ್ತು. ಕಲೆ ಕಾಣದ ಬಣ್ಣದ ಜಮಖಾನೆ ತರಿಸಲಾಯಿತು. ಇಂಥ ಪದವಿಯವರನ್ನು ಇನ್ನೊಬ್ಬರನ್ನು ತಂದು ಕೂರಿಸುವುದೆಂದೂ ತೀರ್ಮಾನವಾಯಿತು.

ಈಗ ಅಲ್ಲಿಗೆ ಹೋದವರನ್ನು ಸ್ವಾಗತ ಕೌಂಟರಿನ ಹುಡುಗಿ ಕೇಳುವುದು ಒಂದೇ ಪ್ರಶ್ನೆ. ಮೊನ್ನೆ ಗಾರೆ ಕೆಲಸದವನೊಬ್ಬ ಬಂದಿದ್ದ.

"ರೋಗಿನಾ, ಗಣ್ಯರಾ?"

"ಗೊತ್ತಿಲ್ಲಮ್ಮ. ಕೈ ಮೇಲಕ್ಕೆ ಏಳ್ತಾ ಇಲ್ಲ."

"ಹಾಗಿದ್ರೆ ಗಣ್ಯರು. ಒಳಗೆ ದಯಮಾಡಿಸಿ."